ಆರು ಟ್ರೇಲರ್ ಗದ್ದೆ ಮಣ್ಣು

ಮೊನ್ನೆ ಹರಿಹರದಲ್ಲಿ ಒಂದು ಮದುವೆ. ಛತ್ರದ ಮಹಡಿಯ ಕೋಣೆಯಲ್ಲಿ ಮದುಮಗಳ ಗೆಳತಿಯೊಬ್ಬಳು, ಸೀರೆಗೆ ಮ್ಯಾಚ್ ಆಗಲಿಲ್ಲವೆಂದು ಉಗುರಿನ ಬಣ್ಣವನ್ನು ಹತ್ತಿಯಿಂದ ಒರೆಸಿಕೊಳ್ಳುತ್ತಾ ಕೂತಿದ್ದಳು. ಮೊಣಕಾಲು ನೋವಿನ ನೆಪ ಹೇಳಿ ನಾನೂ ಅಲ್ಲೇ ಒಂದು ಕುರ್ಚಿ ಹಿಡಿದಿದ್ದೆ. ಮಲ್ಲಿಗೆ, ಹೊಸ ರೇಷ್ಮೆ, ಕೆಳಗಿನ ಅಡುಗೆಮನೆಯ ಒಗ್ಗರಣೆ, ಇವೆಲ್ಲದರ ನಡುವೆ ನುಸುಳಿ ಅಸಿಟೋನಿನ ತಣ್ಣನೆಯ ವಾಸನೆ ಮೂಗಿಗೆ ಬಂತು. ಆ ಹುಡುಗಿಗೆ ಅದು ನೇಲ್ ಪಾಲಿಶ್ ರಿಮೂವರ್. ಮೂವತ್ತೈದು ವರ್ಷ ಹೆಣ್ಣುಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡಿದ ನನಗೆ ಅದು ಲ್ಯಾಬಿನ ವಾಸನೆ. ಕಣ್ಣು ಮುಚ್ಚಿದೆ. ದಾವಣಗೆರೆ ಪಕ್ಕದ ಕರೂರಿನ ಆ ಖಾಲಿ ಜಾಗ, ಮಳೆಯಲ್ಲಿ ನೆನೆದ ಕಪ್ಪು ಮಣ್ಣು, ಕೈಯಲ್ಲಿ ಟೆಸ್ಟ್ ಟ್ಯೂಬ್ ಹಿಡಿದು ಬಿಳಿಚಿಕೊಂಡು ನಿಂತಿದ್ದ ನನ್ನ ಹಳೇ ಸ್ಟೂಡೆಂಟ್ ಹಾಲಮ್ಮ, ಎಲ್ಲಾ ಒಟ್ಟಿಗೇ ಬಂದವು.

ಅದು ಕೆಲವು ವರ್ಷಗಳ ಹಿಂದಿನ ಮಳೆಗಾಲ. ನಾನು ರಿಟೈರ್ ಆಗಿ ಮನೆಯಲ್ಲಿ ಕೂತು ಆಗಲೇ ಸಾಕಷ್ಟು ಬೋರ್ ಆಗಿತ್ತು. ವಾರಕ್ಕೆರಡು ಸಲ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಬರುವುದೇ ನನ್ನ ಸೋಷಿಯಲ್ ಲೈಫು. ಅಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿ ಒಂದು ಮಹಿಳಾ ಸಮಾಜ ನಡೆಸುತ್ತಿದ್ದೆವು. ನಾನು ಸೆಕ್ರೆಟರಿ, ಪಾರ್ವತಕ್ಕ ಪ್ರೆಸಿಡೆಂಟು. ಪಾರ್ವತಕ್ಕನದು ಮಂಡಿಪೇಟೆಯ ಹಳೇ ಸಗಟು ವ್ಯಾಪಾರದ ಮನೆ. ಹುಟ್ಟಿದ್ದು ಮಾತ್ರ ಭಾನುವಳ್ಳಿಯ ಗದ್ದೆ ಬಯಲಿನಲ್ಲಿ, ಒಕ್ಕಲುತನದ ಮನೆಯಲ್ಲಿ. ನನ್ನ ಕಾನ್ವೆಂಟ್ ಇಂಗ್ಲಿಷು ಕೇಳಿದರೆ ಅವರಿಗೆ ನಗು. "ವಿಮಲಾ, ನೀನು ಬಯ್ಯೋದನ್ನೂ ಇಂಗ್ಲಿಷ್‌ನಾಗೆ ಬಯ್ತೀಯಲ್ಲ, ಯಾರಿಗೆ ಹತ್ತತೈತೆ ಅದು?" ಅನ್ನುತ್ತಿದ್ದರು.

ಕರೂರು ಕೈಗಾರಿಕಾ ಪ್ರದೇಶದ ಸಣ್ಣಪುಟ್ಟ ಕಾರ್ಖಾನೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಹುಡುಗಿಯರು ಕೆಲಸಕ್ಕೆ ಬರುತ್ತಾರೆ. ಶಿಫ್ಟ್ ಮುಗಿಸಿ, ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಊರು ಮುಟ್ಟಬೇಕು. ಮದುವೆ ಗೊತ್ತಾಗುವ ಮುಂಚೆಯೇ ಎಷ್ಟೋ ಜನ ಆ ಓಡಾಟಕ್ಕೆ ಸೋತು ಕೆಲಸ ಬಿಡುತ್ತಿದ್ದರು. ಅವರಿಗೊಂದು ಹಾಸ್ಟೆಲ್ ಕಟ್ಟಿಸಬೇಕೆನ್ನುವುದು ಪಾರ್ವತಕ್ಕನ ಆಸೆ. ಅಲ್ಲಿಯೇ ಅಂಚಿನಲ್ಲಿ ತಮ್ಮ ಹೆಸರಿಗಿದ್ದ ಒಂದು ಜಾಗವನ್ನು ಸಮಾಜಕ್ಕೆ ಬರೆದುಕೊಟ್ಟರು. ಹಿಂದೆ ಅದರಲ್ಲಿ ಯಾರೋ ಬಾಡಿಗೆಗೆ ಶೆಡ್ಡು ಹಾಕಿಕೊಂಡಿದ್ದರು. ಶೆಡ್ಡು ಮುಚ್ಚಿ, ತಗಡು ಕಳಚಿ, ಬಾಡಿಗೆಯವರು ಎಲ್ಲಿ ಹೋದರೋ ಯಾರಿಗೂ ಗೊತ್ತಿರಲಿಲ್ಲ. ಕಟ್ಟಡಕ್ಕೆ ನೆರವು ಕೊಡಲು ಒಪ್ಪಿದ್ದ ಒಂದು ಕಂಪನಿಯವರು ಒಂದೇ ಒಂದು ಕಂಡೀಷನ್ ಹಾಕಿದರು: ಹಿಂದೆ ಶೆಡ್ಡಿದ್ದ ಜಾಗವಾದ್ದರಿಂದ ನೆಲದಲ್ಲಿ ವಿಷ ಸೇರಿಲ್ಲವೆಂದು ಸೈಟ್ ಅಸೆಸ್‌ಮೆಂಟ್ ಮಾಡಿಸಿ ರಿಪೋರ್ಟ್ ಕೊಡಿ.

"ಮಣ್ಣಿಗೂ ಬ್ಲಡ್ ಟೆಸ್ಟ್ ಬಂತೇನೇ?" ಅಂದರು ಪಾರ್ವತಕ್ಕ.

"ಬಂದಿದೆ ಅಕ್ಕ. ಅದನ್ನು ಮಾಡೋ ಹುಡುಗಿ ನನ್ನ ಸ್ಟೂಡೆಂಟೇ ಇದ್ದಾಳೆ," ಅಂದೆ ನಾನು. ಆ ಮಾತು ಹೇಳುವಾಗಲೇ ನನ್ನ ಕತ್ತು ಒಂದಿಂಚು ಉದ್ದವಾಗಿತ್ತು.

ಹಾಲಮ್ಮನೂ ಭಾನುವಳ್ಳಿಯವಳೇ. ಬಿ.ಎಸ್ಸಿ. ಮೂರು ವರ್ಷವೂ ಬೆಳಗಿನ ಬಸ್ಸಿಗೆ ಹರಿಹರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಮ್ಮ ಕಾಲೇಜು ಮುಟ್ಟುತ್ತಿದ್ದಳು. ಮೊದಲ ವರ್ಷ ಪಿಪೆಟ್ಟನ್ನು ನೀರಾವರಿ ಪೈಪಿನಂತೆ ಮುಷ್ಟಿಯಲ್ಲಿ ಹಿಡಿದಿದ್ದಕ್ಕೆ ನಾನು ಕ್ಲಾಸಿನ ಮುಂದೆಯೇ ಬೈದಿದ್ದೆ. ಅವಳು ಅಳಲಿಲ್ಲ. "ನೀವೊಮ್ಮೆ ಹಿಡಿದು ತೋರಿಸ್ರಿ ಮಿಸ್," ಅಂದಳು. ನನ್ನ ಲ್ಯಾಬಿನಲ್ಲಿ ರಬ್ಬರು, ವೈಟ್ನರ್ ಎರಡೂ ನಿಷಿದ್ಧ. ಬರೆದದ್ದು ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿರುವ ತಪ್ಪು ಓದಲು ಬರುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಇನಿಷಿಯಲ್ ಹಾಕಬೇಕು. ಕಾನ್ವೆಂಟಿನಲ್ಲಿ ನಮಗೆ ಸಿಸ್ಟರ್ ಕಲಿಸಿದ್ದು ಅದು, ನಾನು ಇವರಿಗೆ ದಾಟಿಸಿದೆ. ಬೇರೆ ಹುಡುಗಿಯರು ಹಾಳೆಯನ್ನೇ ಹರಿದು ಹೊಸದಾಗಿ ಬರೆಯುತ್ತಿದ್ದರು. ಹಾಲಮ್ಮನ ರೆಕಾರ್ಡ್ ಬುಕ್ಕಿನ ತುಂಬಾ ಗೆರೆಗಳು. ಆಮೇಲೆ ಅವಳು ಎನ್ವಿರಾನ್‌ಮೆಂಟಲ್ ಸೈನ್ಸ್ ಎಂ.ಎಸ್ಸಿ. ಮಾಡಿ, ದಾವಣಗೆರೆಯದೇ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ಸೇರಿದಳು. ನೀರು, ಹೊಗೆ, ಮಣ್ಣು ಎಲ್ಲಾ ಪರೀಕ್ಷಿಸುವ ಲ್ಯಾಬು. ಆ ವರ್ಷವಷ್ಟೇ ಅವಳಿಗೆ ರಿಪೋರ್ಟಿಗೆ ಸ್ವಂತ ಸಹಿ ಹಾಕುವ ಅಧಿಕಾರ ಸಿಕ್ಕಿತ್ತು. ನಮ್ಮ ಜಾಗದ್ದು ಅವಳು ತನ್ನ ಹೆಸರಿನಲ್ಲಿ ಕೊಡಬೇಕಾದ ಮೊದಲ ಸೈಟ್ ರಿಪೋರ್ಟು.

ಮಣ್ಣಿನ ಸ್ಯಾಂಪಲ್ ತೆಗೆಯಲು ಬಂದ ದಿನ ಬೆಳಗಿನಿಂದಲೇ ಮೋಡ. ಗೇಟು ತೆಗೆದರೆ ನನಗೇ ಆಶ್ಚರ್ಯ. ಹಿಂದೊಮ್ಮೆ ನೋಡಿದಾಗ ಇಟ್ಟಿಗೆ ಚೂರು, ತಗಡಿನ ತುಕ್ಕು ಚೆಲ್ಲಾಡಿದ್ದ ಜಾಗ ಅದು, ಒಂದು ಗರಿಕೆಯೂ ಇರಲಿಲ್ಲ. ಈಗ ಅಂಚಿನಿಂದ ಅಂಚಿಗೆ ಕಪ್ಪಗೆ, ಸಮನಾಗಿ, ಕೈಯಾಡಿಸಿದಂತೆ ಮಣ್ಣು. ಪಾರ್ವತಕ್ಕ ಕ್ಲೀನ್ ಮಾಡಿಸಿರಬೇಕು ಅಂದುಕೊಂಡೆ, ಅಷ್ಟೆ.

"ಮಣ್ಣು ಚಲೋ ಐತಲ್ಲ ಮಿಸ್," ಅಂದಳು ಹಾಲಮ್ಮ. ನಂತರ ಫಾರಂ ತೆಗೆದು ಪಾರ್ವತಕ್ಕನನ್ನು ಕೇಳಿದಳು, "ಇಲ್ಲಿ ಮೊದಲು ಏನು ಕೆಲಸ ನಡೀತಿತ್ರಿ ಅಮ್ಮ?"

"ಏನೋ ನಟ್ಟು ಬೋಲ್ಟಿಗೆ ಮೆರುಗು ಹಾಕ್ತಿದ್ರಪ್ಪ. ನಾನೇನು ಒಳಗೆ ಹೋಗಿ ನೋಡೀನಾ? ನಮ್ಮನೆಯವರು ಬಾಡಿಗೆ ಇಸ್ಕಂತಿದ್ರು, ಅಷ್ಟೇ."

"ಅಲ್ಲಿ ಕೆಲಸ ಮಾಡಿದವರು ಯಾರಾದ್ರೂ ಸಿಗ್ತಾರೇನ್ರಿ?"

"ಈಗ ಯಾರನ್ನ ಹುಡುಕ್ತೀಯವ್ವ? ಎಲ್ಲಾ ಚೆದುರಿ ಹೋಗ್ಯಾರೆ."

ಹಾಲಮ್ಮ ಬೈರಿಗೆಯಂಥ ಒಂದು ಕಬ್ಬಿಣದ ಸಾಧನವನ್ನು ನೆಲಕ್ಕೆ ತಿರುಗಿಸಿ ಇಳಿಸುತ್ತಿದ್ದಳು. ಒಂದು ಗೇಣು ಇಳಿಯುವಷ್ಟರಲ್ಲಿ ಠಣ್ ಎಂದು ಏನೋ ತಡೆಯುತ್ತಿತ್ತು. ಜಾಗ ಬದಲಿಸಿದಳು, ಅಲ್ಲೂ ಠಣ್. "ಕೆಳಗೆ ಕಲ್ಲೋ ಇಟ್ಟಿಗೆನೋ ಐತೆ ಮಿಸ್. ಹಾರೆ ತರಿಸಿ ಒಡೆಸಿ ಇನ್ನೂ ಆಳಕ್ಕೆ ಹೋಗಬೇಕು. ನಾಳೆ ಬರ್ಲಾ?" ಅಂದಳು. ಅಷ್ಟರಲ್ಲಿ ಹನಿ ಬಿತ್ತು. ನನ್ನ ಹೊಸ ಚಪ್ಪಲಿ ಕೆಸರಿನಲ್ಲಿ ಹೂತಿತ್ತು, ಹರಿಹರದ ಬಸ್ಸಿನ ಹೊತ್ತಾಗಿತ್ತು. ನಾನು ಹೇಳಿದ ಮಾತು ಇವತ್ತಿಗೂ ನೆನಪಿದೆ. "ಓ ಕಮ್ ಆನ್ ಹಾಲಮ್ಮ, ಇಷ್ಟು ಒಳ್ಳೇ ಮಣ್ಣಿನಲ್ಲಿ ಏನು ಸಿಗುತ್ತೆ ನಿನಗೆ? ಬೇಗ ಪ್ಯಾಕ್ ಮಾಡು." ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಟೀಚರು ಹೇಳಿದರೆ ಮುಗಿಯಿತಲ್ಲ. ಆರು ಕಡೆಯ ಮಣ್ಣನ್ನು ಚೀಲಗಳಿಗೆ ತುಂಬಿ ಲೇಬಲ್ ಅಂಟಿಸಿದಳು. ಸಾಕ್ಷಿಯ ಕಾಲಮಿನಲ್ಲಿ ನಾನು ನನ್ನ ಚೆಂದದ ಕಾನ್ವೆಂಟ್ ಅಕ್ಷರದಲ್ಲಿ ಸಹಿ ಹಾಕಿದೆ.

ಹತ್ತು ಹದಿನೈದು ದಿನಕ್ಕೆ ರಿಪೋರ್ಟು ಬಂತು. ಎಲ್ಲಾ ಕ್ಲೀನ್. ಕೊನೆಯ ಪುಟದಲ್ಲಿ ಹಾಲಮ್ಮನ ಸಹಿ, ದುಂಡಗೆ. ನಾನು ಅದನ್ನು ಸಮಾಜದ ಮೀಟಿಂಗಿನಲ್ಲಿ ಕೈಯಿಂದ ಕೈಗೆ ದಾಟಿಸಿ ತೋರಿಸಿದೆ. ಕಂಪನಿಗೂ ಒಂದು ಕಾಪಿ ಹೋಯಿತು. ಪಾರ್ವತಕ್ಕ ಮುಂದಿನ ಸೋಮವಾರವೇ ಭೂಮಿಪೂಜೆ ಮಾಡಿಸಿ ಎಲ್ಲರಿಗೂ ಹೋಳಿಗೆ ಊಟ ಹಾಕಿಸಿದರು.

ಪೂಜೆಯಾದ ಮೂರನೇ ದಿನ ನಾನು ಸಮಾಜದ ಆಫೀಸಿನಲ್ಲಿ ಒಬ್ಬಳೇ ಕೂತಿದ್ದಾಗ ಒಬ್ಬ ಮುದುಕ ಬಾಗಿಲಲ್ಲಿ ಬಂದು ನಿಂತ. ಹೆಸರು ರುದ್ರಪ್ಪ. ಹಾಸ್ಟೆಲ್ ಆಗುತ್ತದಂತೆ, ವಾಚ್‌ಮನ್ ಕೆಲಸ ಕೊಡಿ ಅಂತ ಕೇಳಲು ಬಂದಿದ್ದ.

"ಆ ಜಾಗ ನಂಗೆ ಕಣ್ಣು ಕಟ್ಟಿ ಬಿಟ್ರೂ ಗೊತ್ತೈತ್ರಿ ಅಮ್ಮಾರೆ. ಅಲ್ಲೇ ಹನ್ನೆರಡು ವರ್ಷ ಪ್ಲೇಟಿಂಗ್ ತೊಟ್ಟಿ ಮುಂದೆ ನಿಂತು ದುಡ್ದೀನಿ."

ಕೂಡ್ರಿ ಅಂದೆ. ಟೀ ತರಿಸಿದೆ. ಏಲಕ್ಕಿ ಹಾಕಿದ ಟೀ ಘಮಘಮ ಅನ್ನುತ್ತಿತ್ತು, ಚೆನ್ನಾಗಿದೆಯಾ ಅಂತ ಕೇಳಿದೆ. ಅವನು ನಕ್ಕ. "ಬಿಸಿ ಐತೆ ಅಂತ ಗೊತ್ತಾಗತೈತ್ರಿ. ವಾಸನೆ ಗೀಸನೆ ನಂಗೆ ಬರಲ್ಲ. ತೊಟ್ಟಿ ಹೊಗೆ ಕುಡಿದು ಕುಡಿದು ಮೂಗಿನ ನಡುಗೋಡೆ ತೂತು ಬಿದ್ದೈತೆ. ಈ ಕಡೆ ಹೊಳ್ಳೆಯಾಗೆ ದಾರ ಹಾಕಿದ್ರೆ ಆ ಕಡೆ ಬರತೈತೆ ನೋಡ್ರಿ." ಹುಡುಗಾಟದ ಮಾತಿನಂತೆಯೇ ಹೇಳಿದ. ನಾನು ನನ್ನ ಕಪ್ಪನ್ನು ಕೆಳಗಿಟ್ಟೆ. ನಟ್ಟು ಬೋಲ್ಟಿನ ಮೆರುಗು ಅಂದರೆ ಕ್ರೋಮಿಯಂ. ಕ್ರೋಮಿಕ್ ಆಸಿಡಿನ ಆವಿ ಮೂಗನ್ನು ಕೊರೆಯುತ್ತದೆ ಅಂತ ಪುಸ್ತಕ ನೋಡಿ ವರ್ಷವರ್ಷವೂ ನೋಟ್ಸ್ ಕೊಟ್ಟವಳು ನಾನು. ಕೊರೆದ ಮೂಗೊಂದು ಎದುರಿಗೆ ಕೂತು ಟೀ ಕುಡಿಯುತ್ತಿರುವುದನ್ನು ಅವತ್ತೇ ನೋಡಿದ್ದು.

"ತೊಟ್ಟಿ ನೀರು ಎಲ್ಲಿ ಬಿಡ್ತಿದ್ರಿ?"

"ಎಲ್ಲಿಗೆ ಬಿಡೋದು ಅಮ್ಮ? ಹಿಂದಗಡೆ ಮೂಲೆಯಾಗೆ ಒಂದು ಗುಂಡಿ. ಹಳದಿ ಹಳದಿ ನೀರು. ಬ್ಯಾಸಿಗ್ಯಾಗೆ ಗೋಡೆ ಮ್ಯಾಲೆಲ್ಲ ಅರಿಶಿನ ಬಳಿದಂಗೆ ಆಗೋದು." ಟೀ ಮುಗಿಸಿ ಲೋಟ ಇಟ್ಟವನು ಇನ್ನೊಂದು ಮಾತು ಕೇಳಿದ. "ಅಲ್ರೀ, ನಿನ್ನೆ ಹೋಗಿ ನೋಡಿದೆ, ಅಲ್ಲಿ ಕರಿಮಣ್ಣು ಹೆಂಗೆ ಬಂತು? ನಮ್ಮ ಕಾಲದಾಗೆ ಅದು ಬರೀ ಕೆಂಪು ಕಲ್ಲಿನ ಗರಸು ನೆಲ."

ಅವತ್ತು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಹೊರಗೆ ಏನೂ ಕಾಣಲಿಲ್ಲ. ಹಾಲಮ್ಮನಿಗೆ ಫೋನ್ ಮಾಡಿ, ಟೆಸ್ಟ್ ಮಾಡಿ ಉಳಿದ ಮಣ್ಣು ಇದ್ದರೆ ಮನೆಗೆ ತಾ ಅಂದೆ. ಆ ಭಾನುವಾರ ಅವಳು ಊರಿಗೆ ಹೋಗುವ ದಾರಿಯಲ್ಲಿ ಹರಿಹರದಲ್ಲಿಳಿದು ಬಂದಳು. ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಇಂಗ್ಲಿಷ್ ಪೇಪರ್ ಹಾಸಿ ಚೀಲ ಸುರಿದೆವು. ನಾನು ಭೂತಗನ್ನಡಿ ತಂದೆ. ಬೇಕಿರಲಿಲ್ಲ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿ ಬಸವನಹುಳುವಿನ ಚಿಪ್ಪುಗಳು, ಒಂದಲ್ಲ ಎರಡಲ್ಲ. ಕೊಳೆತ ಭತ್ತದ ಕೂಳೆಯ ಒಂದು ತುಣುಕು, ಬೇರಿನ ಸಮೇತ.

ಆಸಿಡ್ ಸುರಿದ ಅಂಗಳದಲ್ಲಿ ಬಸವನಹುಳು ಎಲ್ಲಿಂದ ಬರಬೇಕು? ನಾನು ಬಾಯಿ ತೆರೆಯುವ ಮುಂಚೆಯೇ ಹಾಲಮ್ಮ ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿ ನೋಡಿದಳು.

"ಇದು ಗದ್ದೆ ಮಣ್ಣು ಮಿಸ್. ನಮ್ಮೂರ ಕಡೇದು. ಹುಟ್ಟಿದಾಗಿಂದ ತುಳ್ದೀನಿ ಇದನ್ನ. ಅವತ್ತು ಮಣ್ಣು ಚಲೋ ಐತೆ ಅಂದೆನಲ್ಲ, ಯಾಕ ಚಲೋ ಐತೆ ಅಂತ ನನ್ನ ನಾನು ಕೇಳಲೇ ಇಲ್ಲ."

ನಾನು ಪಾರ್ವತಕ್ಕನಿಗೆ ಫೋನ್ ಹಚ್ಚಿದೆ. ಅವರಿಗೆ ಮುಚ್ಚಿಡುವುದೇನೂ ಇರಲಿಲ್ಲ, ಬದಲಿಗೆ ಸಂಭ್ರಮ. "ಹೌದೇ, ತವರಿನ ಮಣ್ಣು! ನಮ್ಮ ಮನೆತನದಾಗೆ ಹೊಸ ಮನೆ ಕಟ್ಟೋವಾಗ ತವರಿನ ಗದ್ದೆದು ಒಂದು ಹಿಡಿ ಮಣ್ಣು ತಂದು ಹಾಕೋದು ರೂಢಿ. ಇದು ಹೆಣ್ಣುಮಕ್ಕಳ ಮನೆ, ಒಂದು ಹಿಡಿ ಯಾವ ಮೂಲೆಗೆ ಸಾಕಾಗತೈತೆ? ನನ್ನ ತಮ್ಮಗೆ ಹೇಳಿ ಆರು ಟ್ರೇಲರ್ ಹೊಡೆಸಿದೆ. ಯಾಕ, ಚೆಂದ ಕಾಣಲ್ವಾ?"

ಚೆಂದವೇ ಕಂಡಿತ್ತು. ಅದೇ ಆದದ್ದು.

ಸೋಮವಾರ ನಾನು ಕಾಲೇಜಿಗೆ ಹೋಗಿ ನನ್ನ ಹಳೇ ಡಿಪಾರ್ಟ್‌ಮೆಂಟಿನಿಂದ ಡೈಫಿನೈಲ್ ಕಾರ್ಬಜೈಡ್ ಎಂಬ ಪುಡಿ ಇಸಿದುಕೊಂಡೆ. ಅಸಿಟೋನಿನಲ್ಲಿ ಕರಗಿಸಿ ಆಗಿಂದಾಗಲೇ ಬಳಸಬೇಕು, ಇಟ್ಟರೆ ಕೆಡುತ್ತದೆ. ಕ್ರೋಮಿಯಂನಲ್ಲಿ ಅಪಾಯದ ಬಗೆ ಒಂದಿದೆ, ನೀರಿನಲ್ಲಿ ಕರಗಿ ಹರಿದುಹೋಗುವಂಥದ್ದು. ಕುಡಿದರೂ ಕೆಟ್ಟದ್ದು, ಉಸಿರಾಡಿದರೂ ಕ್ಯಾನ್ಸರಿನ ಭಯ. ಅದೇನಾದರೂ ಇದ್ದರೆ ಈ ದ್ರಾವಣ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇದು ಲ್ಯಾಬಿನ ಕರಾರುವಾಕ್ಕಾದ ಲೆಕ್ಕಕ್ಕೆ ಬದಲಿಯಲ್ಲ, ಇದೆಯೋ ಇಲ್ಲವೋ ಅಂತ ಹೇಳಲು ಸಾಕು.

ಅವತ್ತೇ ನಾನು, ಹಾಲಮ್ಮ, ರುದ್ರಪ್ಪ ಮೂವರೂ ಕರೂರಿಗೆ ಹೋದೆವು. ರುದ್ರಪ್ಪ ಹಾರೆ ಹಿಡಿದು ಹಿಂದಿನ ಮೂಲೆಗೆ ಹೋಗಿ, ಕಾಂಪೌಂಡ್ ಗೋಡೆಯಿಂದ ಹೆಜ್ಜೆ ಎಣಿಸಿ, "ಇಲ್ಲಿ ತೊಟ್ಟಿ. ಇಲ್ಲಿ ಗುಂಡಿ," ಎಂದು ಹಿಮ್ಮಡಿಯಿಂದ ಗುರುತು ಮಾಡಿದ. ಕಪ್ಪು ಮಣ್ಣು ಸರಿಸಿ, ಅವತ್ತು ಠಣ್ ಅಂದಿದ್ದ ಶೆಡ್ಡಿನ ಇಟ್ಟಿಗೆ ಚೂರಿನ ಗಟ್ಟಿ ಪದರವನ್ನು ಒಡೆದ. ಅದರ ಕೆಳಗೆ ಗರಸು. ಕೆಂಪಗಿರಬೇಕಾದ ಗರಸಿನಲ್ಲಿ ಹಳದಿ ಹಸಿರು ಗೆರೆಗಳು. ಹಾಲಮ್ಮ ಗ್ಲೌಸ್ ಹಾಕಿಕೊಂಡು ಒಂದು ಚಮಚ ತೆಗೆದಳು, ನೀರಿನಲ್ಲಿ ಕಲಕಿದಳು, ಸೋಸಿದಳು, ಆಸಿಡ್ ಹನಿಸಿದಳು. ಮಳೆ ಹನಿಯುತ್ತಿತ್ತು, ನಾನು ಛತ್ರಿಯನ್ನು ಟ್ಯೂಬಿನ ಮೇಲೆ ಹಿಡಿದಿದ್ದೆ. ಅಸಿಟೋನಿನ ವಾಸನೆ ಎದ್ದಿತು. ಒಂದು ಹನಿ ಬಿದ್ದದ್ದೇ ತಡ, ಟ್ಯೂಬಿನ ತಳದಿಂದ ನೇರಳೆ ಎದ್ದು ಹರಡಿತು. ನೇರಳೆ ಹಣ್ಣು ತಿಂದ ನಾಲಿಗೆಯಂಥ ಬಣ್ಣ.

ಮೂವತ್ತೈದು ವರ್ಷ ಆ ಬಣ್ಣ ಬಂದಾಗೆಲ್ಲ ನಾನು ಕ್ಲಾಸಿನಲ್ಲಿ "ವೆರಿ ಗುಡ್, ಗರ್ಲ್ಸ್!" ಅಂದಿದ್ದೆ. ಅವತ್ತು ಹಾಲಮ್ಮ ಬಿಳಿಚಿಕೊಂಡು ಟ್ಯೂಬ್ ಹಿಡಿದೇ ನಿಂತಿದ್ದಳು. ರುದ್ರಪ್ಪನೇ ಕೇಳಿದ, "ಐತೇನ್ರಿ ಅದು?"

"ಐತೆ ಅಜ್ಜ," ಅಂದಳು ಹಾಲಮ್ಮ.

ಅಂಗಳದಲ್ಲಿ ಹಳೇ ಬೋರ್‌ವೆಲ್ ಒಂದಿತ್ತು. ಹಾಸ್ಟೆಲಿನ ಹುಡುಗಿಯರಿಗೆ ಅದೇ ನೀರು ಅಂತ ಪ್ಲಾನಿನಲ್ಲಿ ಬರೆದಿತ್ತು. ಅವಳು ಅದರ ನೀರನ್ನೂ ಎತ್ತಿಸಿ ಬಾಟಲಿಗೆ ತುಂಬಿಕೊಂಡಳು.

ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಅವಳಿಗೆ ಆಗಬಹುದಾದದ್ದು ಇಬ್ಬರಿಗೂ ಗೊತ್ತಿತ್ತು. ಮೊದಲ ಸಹಿಯ ಮೊದಲ ರಿಪೋರ್ಟೇ ಸುಳ್ಳು. ಸಹಿಯ ಅಧಿಕಾರ ಹೋಗಬಹುದು, ಕೆಲಸವೂ ಹೋಗಬಹುದು. ಕಂಪನಿಯವರು ಕೈಬಿಟ್ಟರೆ ಹಾಸ್ಟೆಲ್ಲೂ ಹೋಯಿತು. ಆಗ ನಾನು ಒಂದು ಉಪಾಯ ಹೇಳಿದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಲುಕ್, ಮೊದಲಿನ ರಿಪೋರ್ಟನ್ನು ಮುಟ್ಟಲೇಬೇಡ. ಇನ್ನಷ್ಟು ಆಳದ ಮಣ್ಣು ನೋಡಿದ್ವಿ ಅಂತ ಒಂದು ಸಪ್ಲಿಮೆಂಟರಿ ರಿಪೋರ್ಟ್ ಕೊಡು. ಯಾರೂ ನಿನ್ನನ್ನು ಬ್ಲೇಮ್ ಮಾಡಲ್ಲ."

ಅವಳು ಮುಂದಿನ ಸೀಟಿನ ಕಂಬಿ ಹಿಡಿದು ನನ್ನ ಕಡೆ ತಿರುಗಿದಳು.

"ಎರಡು ಕಾಗದ ಇದ್ರೆ, ಜನ ತಮಗೆ ಬೇಕಾದ್ದನ್ನ ತೋರಿಸ್ತಾರೆ ಮಿಸ್. ನಾಳೆ ಯಾರೋ ಆ ಮೊದಲನೇದನ್ನೇ ಮುಂದಿಟ್ಟು ಕಟ್ಟಿಬಿಟ್ರೆ? ಆ ಬೋರಿನ ನೀರು ಯಾರ ಮಕ್ಕಳು ಕುಡೀತಾರೆ? ಮೊದಲನೇದು ತಪ್ಪು ಅಂತ ನಾನೇ ಹೇಳಬೇಕು." ಆಮೇಲೆ ಮೆಲ್ಲಗೆ, "ರೆಕಾರ್ಡ್‌ನಾಗೆ ಹಾಳೆ ಹರೀಬ್ಯಾಡ ಅಂತ ಬೈತಿದ್ದಿದ್ದು ನೀವೇ ಅಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ. ನನ್ನ ಕನ್ನಡಕ ಮಂಜಾಗಿತ್ತು, ಮಳೆಗೆ ಅಂತ ಇಟ್ಟುಕೊಳ್ಳಿ.

ಲ್ಯಾಬಿನಲ್ಲಿ ಮೊದಲು ತನ್ನ ಮೇಲಿನವರಿಗೆ ಎಲ್ಲಾ ಹೇಳಿ, ಬರವಣಿಗೆಯಲ್ಲಿ ಕೊಟ್ಟು, ವಾರದ ನಂತರ ಅವಳು ನಮ್ಮ ಸಮಾಜದ ಮೀಟಿಂಗಿಗೆ ಬಂದಳು. ಕಂಪನಿಯಿಂದ ಒಬ್ಬ ಆಫೀಸರ್ ಕೂಡ ಬಂದಿದ್ದರು. ಹಾಲಮ್ಮನದು ಕ್ರೀಮ್ ಬಣ್ಣದ ಕಾಟನ್ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಮೊದಲಿನ ರಿಪೋರ್ಟನ್ನು ಮೇಜಿನ ಮೇಲಿಟ್ಟು ಹೇಳಿದಳು.

"ಈ ಸಹಿ ನಂದು. ಈ ರಿಪೋರ್ಟ್ ತಪ್ಪು. ನಾನು ಹೊರಗಿಂದ ತಂದು ಹಾಸಿದ ಮಣ್ಣನ್ನ ಟೆಸ್ಟ್ ಮಾಡಿ, ಆ ಜಾಗದ ಮಣ್ಣು ಅಂತ ಬರದೀನಿ. ಆಳಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ಹಳೇ ಕೆಲಸಗಾರರನ್ನ ಹುಡುಕಬೇಕಿತ್ತು, ಹುಡುಕಲಿಲ್ಲ."

ಎಲ್ಲರೆದುರಿಗೆ ತನ್ನ ಸಹಿಯ ಮೇಲೆ ಒಂದೇ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಇನಿಷಿಯಲ್ ಹಾಕಿದಳು. ಕೆಳಗಿನ ಸಹಿ ಚೆನ್ನಾಗಿ ಓದಲು ಬರುತ್ತಿತ್ತು.

ಪಾರ್ವತಕ್ಕನ ಮುಖ ಕೆಂಪಾಯಿತು. "ಏನೇ ಹುಡುಗಿ, ನನ್ನ ತವರಿನ ಮಣ್ಣಿಗೆ ವಿಷ ಅಂತೀಯಾ? ಅದೂ ನಮ್ಮೂರವಳೇ ಆಗಿ?"

"ನಿಮ್ಮ ತವರಿನ ಮಣ್ಣು ಬಂಗಾರ ಐತಮ್ಮ. ಅದಕ್ಕೇ ನಾನು ಮೋಸ ಹೋದೆ. ವಿಷ ಇರೋದು ಅದರ ಕೆಳಗೆ."

"ಪೂಜೆ ಮಾಡಿಸಿ, ಊರಿಗೆಲ್ಲಾ ಊಟ ಹಾಕಿಸಿದ ಮ್ಯಾಲೆ ಬಂದು ಹೇಳ್ತೀಯಲ್ಲ! ನಿಂಗೆ ಸಹಿ ಮಾಡೋಕೆ ಬರ್ತಿರಲಿಲ್ಲ ಅಂದ್ರೆ ಯಾಕ ಮಾಡಿದೆ?"

ನಾನು ಎದ್ದು ನಿಂತೆ. ಮೊಣಕಾಲು ನೋವು ಅವತ್ತು ನೆನಪಿಗೇ ಬರಲಿಲ್ಲ. "ಅಕ್ಕ, ಅವಳು ನಾಳೆ ಬಂದು ಆಳಕ್ಕೆ ಅಗೆಸ್ತೀನಿ ಅಂದಿದ್ದಳು. ಮಳೆ ಬಂತು ಬೇಗ ಮುಗಿಸು ಅಂತ ಅವಸರ ಮಾಡಿದವಳು ನಾನು. ಸಾಕ್ಷಿ ಸಹಿಯೂ ನನ್ನದೇ." ಹಾಲಮ್ಮನ ಪೆನ್ನು ಇಸಿದುಕೊಂಡು, ರಿಪೋರ್ಟಿಗೆ ಲಗತ್ತಿಸಿದ್ದ ಫಾರಂನಲ್ಲಿ ನನ್ನ ಸಹಿಯ ಮೇಲೂ ಒಂದು ಗೆರೆ ಎಳೆದೆ. ಪಾರ್ವತಕ್ಕ ವ್ಯಾನಿಟಿ ಬ್ಯಾಗ್ ಎತ್ತಿಕೊಂಡು ಎದ್ದೇಹೋದರು.

ಆಮೇಲಿನ ತಿಂಗಳು ಬಹಳ ಉದ್ದವಾಗಿತ್ತು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಮನೆಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಕಂಪನಿಯವರು ನೆರವನ್ನು ತಡೆಹಿಡಿದರು. ಹಾಲಮ್ಮನ ಸಹಿಯ ಅಧಿಕಾರವನ್ನು ಲ್ಯಾಬಿನವರು ಕೆಲವು ಕಾಲ ಹಿಂದಕ್ಕೆ ಪಡೆದರು. ತನಗಿಂತ ಚಿಕ್ಕವರ ಜತೆ ಬಾಟಲಿ ತೊಳೆಯುವ ಕೆಲಸಕ್ಕೆ ಹಾಕಿದ್ದಾರೆಂದು ಅವಳೇ ಫೋನಿನಲ್ಲಿ ನಗುತ್ತಾ ಹೇಳಿದಳು. "ಇನ್ನೂ ಮೂರೊತ್ತು ಬಾಟ್ಲಿ ತೊಳೆಸ್ಲಿ ಮಿಸ್. ರಾತ್ರಿ ನಿದ್ದೆ ಬರತೈತೆ." ಪಾರ್ವತಕ್ಕ ನನ್ನ ಫೋನ್ ಎತ್ತುತ್ತಿರಲಿಲ್ಲ. ನಲವತ್ತು ವರ್ಷದ ಸ್ನೇಹ. ಎರಡು ಸಲ ಮಂಡಿಪೇಟೆಯ ಅವರ ಮನೆ ಬಾಗಿಲ ತನಕ ಹೋಗಿ ವಾಪಸು ಬಂದೆ.

ರುದ್ರಪ್ಪನನ್ನು ನಾನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಅದು ಹೇಗೋ ಪಾರ್ವತಕ್ಕನ ಕಿವಿಗೆ ಬಿದ್ದಿತ್ತು. ಒಂದು ಬೆಳಿಗ್ಗೆ ಅವರು ತಾವೇ ಕಾರು ತೆಗೆಸಿಕೊಂಡು ರುದ್ರಪ್ಪನ ಮನೆಗೆ ಹೋಗಿ, ಅವನನ್ನು ಕೂರಿಸಿಕೊಂಡು ಕರೂರಿಗೆ ಹೋದರಂತೆ. ಬೋರಿನ ನೀರು ಎತ್ತಿಸಿ ಒಂದು ಗಾಜಿನ ಲೋಟಕ್ಕೆ ಹಿಡಿದು, ಬೆಳಕಿಗೆ ಎತ್ತಿ ನೋಡಿದರಂತೆ. ಮಧ್ಯಾಹ್ನ ನನಗೆ ಸಮಾಜದ ಆಫೀಸಿಗೆ ಬಾ ಅಂತ ಫೋನ್ ಬಂತು. ಹೋದರೆ ಮೇಜಿನ ಮೇಲೆ ಅದೇ ಲೋಟ. ನೀರಿನ ಬಣ್ಣ ಗಾಢವೇನೂ ಅಲ್ಲ, ತಿಳಿ ಹಳದಿ. ಬಿಳಿ ಗೋಡೆ ಹಿಂದಿದ್ದರಷ್ಟೇ ಕಾಣುವಷ್ಟು.

"ಇದನ್ನ ಆ ಮಕ್ಕಳಿಗೆ ಕುಡಿಸ್ತಿದ್ದೆ ನಾನು," ಅಂದರು. ಮತ್ತೆ ಲೋಟವನ್ನು ಪಕ್ಕಕ್ಕೆ ಸರಿಸಿ, "ಬಾಡಿಗೆ ಇಸ್ಕಂಡಾಗ ಒಂದು ದಿನಾನಾದ್ರೂ ಒಳಗೆ ಹೋಗಿ ನೋಡಬೇಕಿತ್ತು ಕಣೇ ವಿಮಲಾ. ಆ ಮನುಷ್ಯನ ಮೂಗು ನೋಡಿದೆ." ಅವರ ಕಣ್ಣು ಒದ್ದೆಯಾಗಿತ್ತು. ಅವರ ಕೈ ಹಿಡಿದು ಕೂತೆ.

ಕಂಪನಿಯ ಆಫೀಸರಿಗೆ ಅವರೇ ಫೋನ್ ಮಾಡಿದರು. ಜಾಗ ಬಿಡೋದಿಲ್ಲ, ಸ್ವಚ್ಛ ಮಾಡಿಸಿಯೇ ಕಟ್ಟಿಸ್ತೀನಿ, ಎಷ್ಟು ದಿನ ಬೇಕಾದರೂ ಹಿಡಿಯಲಿ ಅಂದರು. ಆಫೀಸರು, ಹೊರಗಿನಿಂದ ದೊಡ್ಡ ಕನ್ಸಲ್ಟೆಂಟನ್ನು ಕರೆಸೋಣವೇ ಅಂತ ಕೇಳಿದರು. "ಕರೆಸ್ರಿ, ಬ್ಯಾಡ ಅನ್ನಲ್ಲ. ಆದರ ನಮ್ಮ ಹಾಲಮ್ಮ ಜತಿಗೆ ನಿಂತಿರಬೇಕು. ತಾನು ಮಾಡಿದ್ದು ತಪ್ಪು ಅಂತ ಹತ್ತು ಜನದ ಮುಂದೆ ಹೇಳಿದವಳು ಇನ್ನೊಮ್ಮೆ ಸುಳ್ಳು ಹೇಳಲ್ಲ," ಅಂದರು ಪಾರ್ವತಕ್ಕ. ಆ "ನಮ್ಮ" ಎಂಬುದನ್ನು ನಾನು ಆಚೆ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡೆ.

ಮಳೆ ಹಿಂದೆಗೆದ ಮೇಲೆ ನಿಜವಾದ ಅಸೆಸ್‌ಮೆಂಟ್ ಶುರುವಾಯಿತು. ಈ ಸಲ ಮೊದಲ ದಿನ ನೆಲ ಮುಟ್ಟಲೇ ಇಲ್ಲ. ರುದ್ರಪ್ಪನನ್ನು ಮಧ್ಯದಲ್ಲಿ ನಿಲ್ಲಿಸಿ, ತೊಟ್ಟಿ ಎಲ್ಲಿ, ಚರಂಡಿ ಎಲ್ಲಿ, ಡ್ರಮ್ಮು ಎಲ್ಲಿ ಇಡುತ್ತಿದ್ದಿರಿ, ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತಿತ್ತು ಅಂತ ಕೇಳಿ ಕೇಳಿ ಹಾಲಮ್ಮ ಒಂದು ನಕ್ಷೆ ಬರೆದಳು. ಅವನಿಗೆ ವಯಸ್ಸು ಹತ್ತು ವರ್ಷ ಇಳಿದಂತಿತ್ತು. ಜೆಸಿಬಿ ಬಂದು ಗುಂಡಿಗಳನ್ನು ತೆಗೆಯಿತು. ಅಡಿ ಅಡಿಗೂ ಮಣ್ಣು ಬೇರೆ ಬೇರೆ ಬಾಟಲಿಗೆ ಹೋಯಿತು. ಅಕ್ಕಪಕ್ಕದ ಬೋರುಗಳ ನೀರೂ ಹೋಯಿತು, ಅದೃಷ್ಟಕ್ಕೆ ಅವು ಸರಿಯಾಗಿದ್ದವು. ಕೊನೆಗೆ ತಿಳಿದದ್ದು: ವಿಷ ಇರುವುದು ಹಿಂದಿನ ಮೂಲೆಯಲ್ಲಿ, ತೊಟ್ಟಿ ಮತ್ತು ಗುಂಡಿಯ ಸುತ್ತ. ಮುಂಭಾಗ ಶುದ್ಧ. ಆ ಮೂಲೆಯನ್ನು ಅಗೆದು ತೆಗೆಯಬೇಕು, ಅಂಗಳದ ಬೋರು ಮುಚ್ಚಬೇಕು, ಹಾಸ್ಟೆಲಿಗೆ ನಗರದ ನಲ್ಲಿ ನೀರು ತರಬೇಕು.

ಮಾಲಿನ್ಯ ನಿಯಂತ್ರಣದ ಆಫೀಸಿನಿಂದ ಪರ್ಮಿಷನ್ ಬಂದ ಮೇಲೆ ಅಗೆತ ಶುರುವಾಯಿತು. ತೆಗೆದ ಮಣ್ಣನ್ನು ಟಾರ್ಪಾಲಿನಲ್ಲಿ ಬಿಗಿದು, ಅಂಥದ್ದನ್ನೇ ಹೂಳುವ ಸರ್ಕಾರಿ ಒಪ್ಪಿಗೆಯ ಜಾಗಕ್ಕೆ ಲಾರಿಗಳು ಒಯ್ಯುತ್ತಿದ್ದವು. ಅದಕ್ಕೆ ಮೊದಲು, ಹಿಂದಿನ ಮೂಲೆಯ ಮೇಲೆ ಹಾಸಿದ್ದ ಗದ್ದೆ ಮಣ್ಣನ್ನೂ ತೆಗೆಯಬೇಕಾಯಿತು, ಕೆಳಗಿನದರ ಜತೆ ಬೆರೆತಿತ್ತು. ಪಾರ್ವತಕ್ಕ ಅದು ಲಾರಿಗೆ ಬೀಳುವುದನ್ನು ನೋಡುತ್ತಾ ಸೆರಗು ಬಾಯಿಗೆ ಹಿಡಿದಿದ್ದರು.

ನಾಲ್ಕನೆಯ ದಿನಕ್ಕೆ ಗುಂಡಿ ಬಾವಿಯಷ್ಟು ಆಗಿತ್ತು. ಹಾಲಮ್ಮ ಏಣಿ ಇಳಿದು ತಳದಿಂದಲೂ ನಾಲ್ಕು ಗೋಡೆಗಳಿಂದಲೂ ಮಣ್ಣು ತೆಗೆದುಕೊಂಡು ಹೋದಳು. ಅಷ್ಟರಲ್ಲಿ ಅವಳ ಸಹಿಯ ಅಧಿಕಾರ ವಾಪಸು ಬಂದಿತ್ತು. ವಾರದ ನಂತರ ಲ್ಯಾಬಿನ ಕಾಗದ ಹಿಡಿದು ಬಂದಳು. ತಳ ಸರಿಯಾಗಿದೆ, ಮೂರು ಗೋಡೆ ಸರಿಯಾಗಿವೆ, ಪೂರ್ವದ ಗೋಡೆಯಲ್ಲಿ ಇನ್ನೂ ಇದೆ. ಅದೂ ಸ್ವಲ್ಪವೇ. ಕಂಟ್ರಾಕ್ಟರಿಗೆ ಜೆಸಿಬಿ ಬೇರೆ ಕೆಲಸಕ್ಕೆ ಕಳಿಸುವ ಅವಸರ. ಕಂಪನಿಯ ಆಫೀಸರೂ ಗಡಿಯಾರ ನೋಡಿಕೊಂಡರು. "ಸ್ವಲ್ಪ ತಾನೇ ಮೇಡಂ, ಮೇಲೆ ಕಾಂಕ್ರೀಟ್ ಹಾಕ್ತೀವಲ್ಲ," ಅಂದರು.

ಹಾಲಮ್ಮ ಪೆನ್ನಿನ ಕ್ಯಾಪು ಮುಚ್ಚಿದಳು. "ಆ ಗೋಡೆ ಇನ್ನಷ್ಟು ಅಗೀಬೇಕು ಸರ್. ಆಮೇಲೆ ಮತ್ತೆ ನೋಡ್ತೀನಿ."

ಅವಳು ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯ ಅವಳಿಗೆ ಇರಲಿಲ್ಲ. ಟೀಚರಾಗಿ ನನಗೆ ಮೆಡಲು, ಶಾಲು, ಹಾರ ಎಲ್ಲಾ ಸಿಕ್ಕಿವೆ. ಅವೆಲ್ಲ ಬೀರುವಿನಲ್ಲಿವೆ. ಆ ಕ್ಷಣದ ಹೆಮ್ಮೆಗೆ ಮ್ಯಾಚ್ ಆಗುವಂಥದ್ದು ಅವುಗಳಲ್ಲಿ ಒಂದೂ ಇಲ್ಲ.

ಕಂಟ್ರಾಕ್ಟರು ತಲೆ ಕೆರೆದುಕೊಂಡು ಪಾರ್ವತಕ್ಕನ ಕಡೆ ತಿರುಗಿದ. ಹೇಗೂ ಜಾಗ ಕೊಟ್ಟವರು ಅವರು, ಪ್ರೆಸಿಡೆಂಟೂ ಅವರೇ. "ಎಲ್ಲಿ ತನಕ ಅಗಿಯೋದು ಅಂತ ನೀವಾದ್ರೂ ಹೇಳ್ರಿ ಅಮ್ಮ. ಇದಕ್ಕೊಂದು ಕೊನೆ ಬ್ಯಾಡ್ವಾ?"

ಪಾರ್ವತಕ್ಕ ಗುಂಡಿಯ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಲೆಯಡಿಕೆ ಬಾಯಿಂದ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಆ ಹುಡುಗಿ ಸಾಕು ಅನ್ನೋ ತನಕ."